ಹಲ್ಲಿನ ಕಲೆ ಯಾರ ತಪ್ಪು?

ದುಡ್ಡು ಕೊಟ್ಟು ಹಲ್ಲು ಬಿಳಿ ಮಾಡಿಸ್ಕೊಳ್ಳೋದು ಬರೀ ಶೋಕಿನಾ? ಆಫೀಸಿನ ಕಾಫಿ ಬ್ರೇಕ್‌ನಲ್ಲಿ ಈ ಮಾತು ಬಂದರೆ ಹೆಚ್ಚಿನವರು ‘ಮತ್ತಿನ್ನೇನು’ ಅಂತ ನಕ್ಕು ಮುಗಿಸ್ತಾರೆ. ನನಗೆ ಉತ್ತರ ಅಷ್ಟು ಸಲೀಸು ಅನ್ನಿಸಲ್ಲ. ಕಲೆ ಎಲ್ಲಿಂದ ಬಂತು ಅಂತ ಮೊದಲು ಕೇಳಬೇಕು.

ಕಾಫಿ, ಸಿಗರೇಟು, ಎಲೆ-ಅಡಿಕೆಯ ಕಲೆಯಲ್ಲಿ ನಮ್ಮ ಪಾಲಿದೆ. ಬಹುಪಾಲು ಬರೀ ಕ್ಲೀನಿಂಗ್‌ನಲ್ಲೇ ಹೋಗುತ್ತೆ. ವಯಸ್ಸಾಗ್ತಾ ಎನಾಮಲ್ ಸವೆದು ಒಳಗಿನ ಹಳದಿ ಕಾಣೋದು ಯಾರ ತಪ್ಪೂ ಅಲ್ಲ. ಮೂರನೆಯದು ಫ್ಲೋರೈಡ್ ಕಲೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದ ಎಷ್ಟೋ ಜನರ ಹಲ್ಲಲ್ಲಿ ಕಾಣೋ ಕಂದು ಪಟ್ಟೆ ಇದು. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ನಮ್ಮ ದೇಶದ ಮಾನದಂಡ. ಅದನ್ನ ಮೀರಿದ ನೀರನ್ನ ಮಗು ಏಳೆಂಟು ವರ್ಷದೊಳಗೆ, ಅಂದ್ರೆ ಕಾಯಂ ಹಲ್ಲು ವಸಡಿನೊಳಗೆ ರೂಪುಗೊಳ್ತಿರುವಾಗ ಕುಡಿದರೆ, ಕಲೆ ಎನಾಮಲ್‌ನಲ್ಲೇ ಸೇರಿಹೋಗುತ್ತೆ. ಎಷ್ಟು ಉಜ್ಜಿದರೂ ಹೋಗಲ್ಲ.

ನಾವು ಮಾತ್ರ ಬಣ್ಣ ನೋಡಿ ಗುಣ ಹೇಳಿಬಿಡ್ತೀವಿ. ‘ಹಲ್ಲುಜ್ಜಲ್ವೇನೋ’, ‘ಗುಟ್ಕಾ ಇರಬೇಕು’. ಇಂಟರ್‌ವ್ಯೂನಲ್ಲೂ ಇದೇ, ಹೆಣ್ಣು ನೋಡೋ ಶಾಸ್ತ್ರದಲ್ಲೂ ಇದೇ. ಹಾಗಾಗಿ ಅವರು ಬಾಯಿಗೆ ಕೈ ಅಡ್ಡ ಇಟ್ಟು ನಗೋದನ್ನ ಕಲೀತಾರೆ. ಅಂಥವರು ಡೆಂಟಿಸ್ಟ್ ಹತ್ರ ಹೋದರೆ ಶೋಕಿ ಅನ್ನೋ ಹಕ್ಕು, ಕಾವೇರಿ ನೀರು ಕುಡಿದು ಬೆಳೆದವರಿಗೆ ಎಲ್ಲಿಂದ ಬಂತು?

ಹಾಗಂತ ಬ್ಲೀಚಿಂಗ್ ಮಂತ್ರದಂಡವೇನಲ್ಲ. ಹಲ್ಲಿನ ಅಚ್ಚು ತೆಗೆದು ಮಾಡಿದ ಟ್ರೇಗೆ, ಸಾಮಾನ್ಯವಾಗಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ, ಕೆಲವು ವಾರ ರಾತ್ರಿ ಹೊತ್ತು ಹಾಕ್ಕೊಂಡು ಮಲಗಬೇಕು. ಈ ಮಧ್ಯೆ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನಬಹುದು. ಕ್ಯಾಪ್, ಫಿಲ್ಲಿಂಗ್‌ಗಳ ಬಣ್ಣ ಬದಲಾಗಲ್ಲ. ತೆಳು ಕಲೆ ಮಾಸುತ್ತೆ. ಗುಳಿ ಬಿದ್ದ ಹಲ್ಲಿಗೆ ಇದೊಂದೇ ಸಾಲಲ್ಲ. ಹುಳುಕಿದೆಯಾ, ವಸಡು ಸರಿ ಇದೆಯಾ ಅಂತ ಮೊದಲೇ ನೋಡಬೇಕು. ಆನ್‌ಲೈನ್‌ನಲ್ಲಿ ಕಿಟ್ ತರಿಸೋ ಬದಲು ಡೆಂಟಿಸ್ಟ್ ಹತ್ರ ಹೋಗಿ ಅನ್ನೋದು ಅದಕ್ಕೇ.

ಒಂದು ಆಕ್ಷೇಪ ಇದೆ. ಎಲ್ಲರೂ ಬಿಳಿ ಮಾಡಿಸ್ಕೊಂಡರೆ, ದುಡ್ಡಿಲ್ಲದವರ ಹಲ್ಲು ಇನ್ನಷ್ಟು ಕಣ್ಣಿಗೆ ಬೀಳಲ್ವಾ? ನಿಜ, ಬೀಳುತ್ತೆ. ಆದರೆ ಸಮಾಜ ತಿದ್ದೋ ಭಾರವನ್ನ, ಈಗಾಗಲೇ ಕಲೆ ಹೊತ್ತವರ ತಲೆ ಮೇಲೇ ಹೊರಿಸೋದು ಯಾವ ನ್ಯಾಯ? ಅದನ್ನ ಹೊರಬೇಕಾದವರು, ಒಳ್ಳೆ ಹಲ್ಲಿದ್ದೂ ಟೈಲ್ಸ್‌ನಂಥ ಬಿಳುಪು ಬೇಕು ಅನ್ನೋರು. ಜೊತೆಗೆ ಇಂಟರ್‌ವ್ಯೂ ಟೇಬಲ್‌ನ ಈಚೆ ಕೂತ ನಾವು.

ಬ್ಲೀಚಿಂಗ್‌ನಿಂದ ಒಬ್ಬರ ನಗು ವಾಪಸ್ ಬಂದರೆ ಬರಲಿ. ಅದೇ ಊರಿನ ಮಕ್ಕಳು ಇವತ್ತು ಯಾವ ನೀರು ಕುಡೀತಿದ್ದಾರೆ ಅನ್ನೋ ಪ್ರಶ್ನೆ ಅದರಿಂದ ತೀರಲ್ಲ. ನಿಮ್ಮ ಊರು ಆ ಕಡೆಯದಾಗಿದ್ದರೆ, ಮುಂದಿನ ಸಲ ಹಬ್ಬಕ್ಕೆ ಹೋದಾಗ ಅಲ್ಲಿನ ಶುದ್ಧ ನೀರಿನ ಘಟಕ ನಡೀತಿದೆಯೋ, ಕೆಟ್ಟು ನಿಂತಿದೆಯೋ ಒಮ್ಮೆ ನೋಡಿ. ನಿಂತಿದ್ದರೆ ಪಂಚಾಯ್ತಿಯವರನ್ನ ಕೇಳಿ.