ಗೂಡಿನ ತಣ್ಣನೆ ಮೂಲೆ

ಮರುಭೂಮಿ ಅಂದರೆ ಬಿಸಿ. ಹಾಗಾಗಿ ಮರುಭೂಮಿಯ ಓತಿಯನ್ನು ಮನೆಯಲ್ಲಿ ಸಾಕಬೇಕಾದರೆ ಒಂದು ಗಾಜಿನ ಪೆಟ್ಟಿಗೆ ತಂದು ಚೆನ್ನಾಗಿ ಬಿಸಿ ಮಾಡಿಟ್ಟರೆ ಮುಗೀತು. ಹೀಗೆ ಅಂದುಕೊಂಡು ಶುರು ಮಾಡುವವರೇ ಜಾಸ್ತಿ. ಆದರೆ ಮರುಭೂಮಿಯಲ್ಲಿ ಹುಟ್ಟಿದ ಯಾವ ಓತಿಯೂ ಇಡೀ ದಿನ ಬಿಸಿಲಲ್ಲಿ ಬಿದ್ದಿರುವುದಿಲ್ಲ. ಬೆಳಿಗ್ಗೆ ಎತ್ತರದ ಜಾಗ ಹತ್ತಿ ಮೈ ಕಾಯಿಸಿಕೊಳ್ಳತ್ತೆ. ಸಾಕು ಅನ್ನಿಸಿದಾಗ ಇಳಿದು ಪೊದೆಯ ನೆರಳಿಗೆ ಹೋಗತ್ತೆ. ಮಧ್ಯಾಹ್ನ ಬಿಲ, ಸಂಜೆ ಮತ್ತೆ ಬಂಡೆ. ನಮ್ಮ ದೇಹ ಒಳಗೊಳಗೇ ಮಾಡಿಕೊಳ್ಳುವ ಕೆಲಸವನ್ನು ಅದು ಕಾಲಲ್ಲಿ ನಡೆದು ಮಾಡಬೇಕು. ತಿಂದದ್ದು ಅರಗಬೇಕು ಅಂದರೂ ನಡೀಬೇಕು.

ನನ್ನ ಸ್ನೇಹಿತನೊಬ್ಬನ ಮನೆಯಲ್ಲಿ ಇರೋದು ಬಿಯರ್ಡೆಡ್ ಡ್ರ್ಯಾಗನ್. ಹೆಸರು ಕೇಳಿ ಹೆದರಬೇಡಿ, ಬಾಲ ಸೇರಿ ಎರಡು ಅಡಿ ಇದ್ದರೆ ಹೆಚ್ಚು. ಆಸ್ಟ್ರೇಲಿಯಾದ ಒಳನಾಡಿನದ್ದು. ನಮ್ಮ ಓತಿಕ್ಯಾತ ಮತ್ತು ಇದು ಒಂದೇ ಕುಟುಂಬಕ್ಕೆ ಸೇರಿದವು, ದೂರದ ದಾಯಾದಿಗಳು. ಅಲ್ಲೂ ಇದು ಬೇಲಿಗೂಟದ ಮೇಲೆ ಕೂತು ಬಿಸಿಲು ಕಾಯಿಸುತ್ತದಂತೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅನ್ನೋ ಗಾದೆ ಅಲ್ಲಿಗೂ ಒಗ್ಗತ್ತೆ ಅಂತಾಯ್ತು.

ಇದಕ್ಕೆ ಗೂಡು ಕಟ್ಟೋದು ಹೇಗೆ ಅಂತ ಅವನು ನನಗೆ ಒಂದಿಡೀ ಭಾನುವಾರ ಪಾಠ ಮಾಡಿದ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆ. ಕಾಯಿಸುವ ದೀಪ ಒಂದು ತುದಿಯಲ್ಲಿ ಮಾತ್ರ, ಮಧ್ಯದಲ್ಲಿ ಅಲ್ಲ. ಅದರ ಕೆಳಗಿನ ಕಲ್ಲಿನ ಮೇಲ್ಮೈ ಸುಮಾರು 40 ಡಿಗ್ರಿ, ಆ ಕಡೆ ತುದಿ 25ರ ಆಸುಪಾಸು. ರಾತ್ರಿ ದೀಪ ಆರಿಸಬೇಕು, 20ರ ತನಕ ತಣ್ಣಗಾದರೂ ಚಿಂತೆಯಿಲ್ಲ. ಅದಕ್ಕಿಂತ ಕೆಳಗೆ ಇಳಿಯುವ ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಒಂದು, ಅದಕ್ಕೊಂದು ಥರ್ಮೋಸ್ಟಾಟ್. ಪೆಟ್ಟಿಗೆಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರನ್ನು ನಂಬಬಾರದು, ಅದು ಗಾಳಿಯ ಬಿಸಿ ಹೇಳತ್ತೆ, ಓತಿ ಮಲಗೋದು ಕಲ್ಲಿನ ಮೇಲೆ. ಅಂಗಡಿಯವರು 'ಹೀಟ್ ರಾಕ್' ಅಂತ ಕರೆಂಟಲ್ಲಿ ಬಿಸಿಯಾಗೋ ಕಲ್ಲು ಮಾರುತ್ತಾರೆ, ಅದನ್ನಂತೂ ಮನೆಗೆ ತರಲೇಬಾರದು. ಸೂರ್ಯ ಇರೋದು ಮೇಲೆ. ಬಿಸಿ ಬೆನ್ನಿಗೆ ಬೀಳುತ್ತೆ ಅಂತ ತಿಳಿದಿರೋ ಪ್ರಾಣಿ, ಹೊಟ್ಟೆ ಸುಡುತ್ತಿದ್ದರೂ ಅಲ್ಲೇ ಮಲಗಿರಬಹುದು.

ಇನ್ನೊಂದು ದೀಪ ಯುವಿಬಿ ಕಿರಣಕ್ಕೆ. ಅದಿಲ್ಲದಿದ್ದರೆ ವಿಟಮಿನ್ ಡಿ3 ಆಗಲ್ಲ, ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ದವಡೆ ಮೆತ್ತಗಾಗಿ ಕೈಕಾಲು ಸೊಟ್ಟಗಾಗತ್ತೆ. ಕಿಟಕಿ ಗಾಜಿನಿಂದ ಒಳಗೆ ಬರೋ ಬಿಸಿಲಲ್ಲಿ ಆ ಕಿರಣ ಇರಲ್ಲ, ಗಾಜು ಅದನ್ನು ತಡೆದುಬಿಡತ್ತೆ. ದೀಪದ್ದೂ ಒಂದು ತಮಾಷೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅದರಿಂದ ಯುವಿಬಿ ಬರೋದು ತೀರಾ ಕಡಿಮೆಯಾಗಿರತ್ತೆ, ಬೆಳಕು ಮಾತ್ರ ಮೊದಲಿನಷ್ಟೇ. ನೋಡುವವರಿಗೆ ದೀಪ ಉರೀತಾ ಇದೆ, ಎಲ್ಲಾ ಸರಿಯಾಗಿದೆ. ಕಾಳಜಿ ಅನ್ನೋದಕ್ಕೂ ಈ ಕಾಯಿಲೆ ಉಂಟು ಅಂತ ನನಗೆ ಆಗಾಗ ಅನ್ನಿಸತ್ತೆ.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ದೀಪವಲ್ಲ, ಆ 25 ಡಿಗ್ರಿಯ ತುದಿ. ಓತಿಗೆ ಅತ್ಯುತ್ತಮ ತಾಪಮಾನ ಇಂತಿಷ್ಟು ಅಂತ ಗೊತ್ತಿರುವಾಗ ಇಡೀ ಪೆಟ್ಟಿಗೆಯನ್ನು ಅಷ್ಟಕ್ಕೇ ಇಡಬಹುದಲ್ಲ? ಯಾಕೆ ಅರ್ಧ ಜಾಗವನ್ನು 'ತಪ್ಪು' ತಾಪಮಾನದಲ್ಲಿ ಇಡಬೇಕು?

ಯಾಕೆ ಅನ್ನೋದಕ್ಕೆ ಒಂದು ಹಳೇ ಪ್ರಯೋಗ ಇದೆ. 1970ರ ದಶಕದಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು ಡೆಸರ್ಟ್ ಇಗ್ವಾನ ಅನ್ನೋ ಮರುಭೂಮಿ ಓತಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ, ಒಂದು ಕಡೆ ಬಿಸಿ ಒಂದು ಕಡೆ ತಂಪು ಇದ್ದ ಜಾಗದಲ್ಲಿ ಬಿಟ್ಟರು. ಚುಚ್ಚಿಸಿಕೊಂಡ ಓತಿಗಳು ಮಾಮೂಲಿಗಿಂತ ಸುಮಾರು ಎರಡು ಡಿಗ್ರಿ ಹೆಚ್ಚು ಬಿಸಿಯಾಗೋ ಹಾಗೆ ಬಿಸಿ ಕಡೆಗೆ ಸರಿದವು. ಅಂದರೆ ಜ್ವರ ಬರಿಸಿಕೊಂಡವು. ಮೈಯೊಳಗೆ ಒಲೆ ಇಲ್ಲದ ಪ್ರಾಣಿ ಜ್ವರದ ಹತ್ತಿರಕ್ಕೆ ನಡೆದುಕೊಂಡೇ ಹೋಗಬೇಕು. 1975ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ, ಸೋಂಕಾದ ಓತಿಗಳನ್ನು ಬೇರೆಬೇರೆ ತಾಪಮಾನಗಳಲ್ಲಿ ಕಟ್ಟಿಹಾಕಿದ ಹಾಗೆ ಇಟ್ಟಾಗ, ತಂಪಲ್ಲಿದ್ದವು ಹೆಚ್ಚು ಸತ್ತವು. ಪ್ರಯೋಗ ಕ್ರೂರವೇ, ಅದನ್ನು ಮುಚ್ಚಿಡೋದು ಬೇಡ. ಆದರೆ ಅದು ಹೇಳಿದ್ದು ಸಣ್ಣ ವಿಷಯವಲ್ಲ. ಆರೋಗ್ಯವಾಗಿದ್ದಾಗಿನ 'ಸರಿಯಾದ' ತಾಪಮಾನ ಕಾಯಿಲೆ ಬಿದ್ದ ದಿನ ಸರಿಯಲ್ಲ. ಇವತ್ತು ಯಾವ ದಿನ ಅನ್ನೋದು ಓತಿಗೆ ಗೊತ್ತು, ಸಾಕಿದವನಿಗೆ ಗೊತ್ತಿಲ್ಲ. ಎಷ್ಟೇ ಓದಿದ್ದರೂ, ಎಷ್ಟೇ ಪ್ರೀತಿಯಿದ್ದರೂ ಗೊತ್ತಾಗಲ್ಲ.

'ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.' ಈ ವಾಕ್ಯ ಕೇಳದೇ ಬೆಳೆದವರು ನಮ್ಮಲ್ಲಿ ಯಾರಿದ್ದೀರಿ, ಕೈ ಎತ್ತಿ. ಹೇಳಿದವರಲ್ಲಿ ಬಹಳಷ್ಟು ಜನ ನಿಜಕ್ಕೂ ಒಳ್ಳೇದನ್ನೇ ಬಯಸಿದ್ದರು. ತೊಂದರೆ ಉದ್ದೇಶದಲ್ಲಿ ಇರಲಿಲ್ಲ. ಇನ್ನೊಂದು ಜೀವಕ್ಕೆ ಯಾವುದು ಒಳ್ಳೆಯದು ಅಂತ ಒಂದೇ ಅಂಕಿಯಲ್ಲಿ ಹೇಳಬಹುದು ಅನ್ನೋ ನಂಬಿಕೆಯಲ್ಲಿ ಇತ್ತು. 1979ರಲ್ಲಿ ಬ್ರಿಟನ್ನಿನ ಫಾರ್ಮ್ ಅನಿಮಲ್ ವೆಲ್ಫೇರ್ ಕೌನ್ಸಿಲ್ ಸಾಕುಪ್ರಾಣಿಗಳಿಗೆ ಐದು ಸ್ವಾತಂತ್ರ್ಯಗಳನ್ನು ಪಟ್ಟಿ ಮಾಡಿತು. ಹಸಿವೆ, ಅನಾನುಕೂಲ, ನೋವು, ಭಯ ಇವುಗಳಿಂದ ಬಿಡುಗಡೆ, ಇದು ನಾಲ್ಕಾಯಿತು. ಐದನೆಯದು ತನ್ನ ಸಹಜ ನಡವಳಿಕೆಯಂತೆ ಇರುವ ಸ್ವಾತಂತ್ರ್ಯ. ಮೊದಲ ನಾಲ್ಕನ್ನು ನಾವು ಕೊಡಬಹುದು, ದುಡ್ಡಿದ್ದರೆ ಸಾಕು. ಐದನೆಯದನ್ನು ಕೊಡೋಕೆ ಬರಲ್ಲ. ಅದಕ್ಕೆ ಜಾಗ ಬಿಡಬೇಕು, ಅಷ್ಟೇ.

ಇಲ್ಲಿ ನೀವು ನನ್ನನ್ನು ತಡೀಬೇಕು. ನಾಲ್ಕು ಅಡಿ ಪೆಟ್ಟಿಗೆಯಲ್ಲಿ ಎರಡು ಮೂಲೆ ಕೊಟ್ಟು ಅದನ್ನು ಆಯ್ಕೆ ಅಂತ ಕರೆಯೋದು ಜೈಲಿನಲ್ಲಿ ಎರಡು ಕಿಟಕಿ ಇಟ್ಟು ಬೀಗಿದ ಹಾಗಲ್ಲವಾ? ಹೌದು, ಹಾಗೇ. ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ, ಇದೆ ಅನ್ನುವವರನ್ನು ನಂಬಲೂ ಬೇಡಿ. ಬಾಗಿಲು ತೆಗೆದು ಬಿಟ್ಟುಬಿಡೋಣ ಅಂದರೆ, ಎಲ್ಲಿಗೆ? ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ವ್ಯಾಪಾರಕ್ಕಾಗಿ ಜೀವಂತ ಹೊರಗೆ ಕಳಿಸಲು ಬಿಡಲ್ಲ. ಹೊರದೇಶಗಳ ಮನೆಗಳಲ್ಲಿ ಇರೋವು ತಲೆಮಾರುಗಳಿಂದ ಪೆಟ್ಟಿಗೆಯಲ್ಲೇ ಮೊಟ್ಟೆಯೊಡೆದವು. ಕಬ್ಬನ್ ಪಾರ್ಕಿನಲ್ಲಿ ಬಿಟ್ಟರೆ ಹದ್ದಿನ ಪಾಲು. ಹೊಸದೊಂದನ್ನು ಕೊಳ್ಳಬೇಕಾ ಅಂತ ಯಾರಾದರೂ ಕೇಳಿದರೆ ಬೇಡ ಅಂತಲೇ ಹೇಳ್ತೀನಿ. ಆದರೆ ಈಗಾಗಲೇ ಮನೆಯಲ್ಲಿ ಇರೋದಕ್ಕೆ ನಾವು ಸಾಲಗಾರರು. ತಣ್ಣನೆ ಮೂಲೆ ಆ ಸಾಲದ ಬಡ್ಡಿ. ಅಸಲು ತೀರೋದಿಲ್ಲ.

ಈ ಸ್ನೇಹಿತ ರಾಯಚೂರು ಕಡೆಯವನು. ಅಮ್ಮ ತೀರಿಹೋದ ಮೇಲೆ ಅಪ್ಪನನ್ನು ಬೆಂಗಳೂರಿನ ಹನ್ನೊಂದನೇ ಮಹಡಿಗೆ ಕರಕೊಂಡು ಬಂದ. ಒಳ್ಳೇ ಮಗ, ವ್ಯಂಗ್ಯವಾಗಿ ಹೇಳ್ತಿಲ್ಲ. ಅವರಿಗೆ ಬೇರೆ ರೂಮು, ಮೊಣಕಾಲಿಗೆ ಫಿಸಿಯೋ, ಸಕ್ಕರೆಗೆ ತಕ್ಕ ಊಟ, ಜಾರದ ಚಪ್ಪಲಿ. ಒಂಟಿಯಾಗಿ ಲಿಫ್ಟಲ್ಲಿ ಇಳೀಬೇಡ, ಮೂರು ಗಂಟೆಗೆ ಚಹಾ ಬೇಡ, ಊರಿಗೆ ಹೋಗೋದು ಈ ಬೇಸಿಗೇಲಿ ಬೇಡ, ಅಲ್ಲಿ 42 ಡಿಗ್ರಿ ಇದೆ. ಎಲ್ಲವೂ ಸರಿಯಾದ ಸಲಹೆಗಳೇ. ಅಪ್ಪ ಮಾತ್ರ ಮಧ್ಯಾಹ್ನ ಮಗ ಮೀಟಿಂಗಿನಲ್ಲಿ ಇರುವಾಗ ಮೆಲ್ಲಗೆ ಕೆಳಗಿಳಿದು ಸೆಕ್ಯೂರಿಟಿಯವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸುಡೋ ಬಿಸಿಲಲ್ಲಿ ಕೂತಿರುತ್ತಾರೆ. ಆ ಸೆಕ್ಯೂರಿಟಿಯವನೂ ಅದೇ ಕಡೆಯವನು. ಒಂದು ದಿನ ಅವರೇ ನನ್ನ ಹತ್ರ ಹೇಳಿದರು, "ಮ್ಯಾಲೆ ಎಲ್ಲಾ ಛಲೋ ಅದ ತಮ್ಮಾ. ಆದ್ರ ಅಲ್ಲಿ ನಾ ಏನೂ ಮಾಡಂಗಿಲ್ಲ."

ಮನುಷ್ಯರನ್ನು ಓತಿಗೆ ಹೋಲಿಸಬಾರದು, ಗೊತ್ತು. ಅಪ್ಪನಿಗೆ ಬಾಯಿದೆ, ಬೇಡ ಅನ್ನಬಹುದು. ಆದರೂ ಎಷ್ಟು ಜನ ಅನ್ನುತ್ತಾರೆ? ಮಗ ಬೇಜಾರಾಗ್ತಾನೆ ಅಂತ ಸುಮ್ಮನಿರೋ ಅಪ್ಪಂದಿರ ವಿಷಯ ನಿಮಗೂ ಗೊತ್ತಿರತ್ತೆ. ಓತಿ ಕನಿಷ್ಠ ಅಷ್ಟು ದಾಕ್ಷಿಣ್ಯ ಇಟ್ಟುಕೊಳ್ಳಲ್ಲ. ಬಿಸಿ ಹೆಚ್ಚಾದರೆ ಬಾಯಿ ತೆಗೆದು ಕೂರತ್ತೆ, ಗಡ್ಡ ಕಪ್ಪು ಮಾಡತ್ತೆ, ಎದ್ದು ಆ ಕಡೆ ಹೋಗಿಬಿಡತ್ತೆ.

ತಣ್ಣನೆ ಮೂಲೆಗೆ ಖರ್ಚೂ ಇದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗೋದು ಎರಡು ಅಡಿ ಪೆಟ್ಟಿಗೆ. ಅಷ್ಟರಲ್ಲಿ ಎಲ್ಲಿ ದೀಪ ಇಟ್ಟರೂ ಪೂರ್ತಿ ಬಿಸಿಯಾಗತ್ತೆ, ನೆರಳಿಗೆ ಜಾಗವೇ ಉಳಿಯಲ್ಲ. ನಾಲ್ಕು ಅಡಿ ಬೇಕು ಅಂದರೆ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಏನನ್ನಾದರೂ ಎತ್ತಬೇಕು. ಸ್ನೇಹಿತ ತನ್ನ ಕೆಲಸದ ಮೇಜನ್ನು ಎತ್ತಿದ. ಈಗ ಅವನ ಲ್ಯಾಪ್‌ಟಾಪ್ ಇರೋದು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ.

ಹೋದ ಡಿಸೆಂಬರಿನಲ್ಲಿ ಓತಿ ತಣ್ಣನೆ ಕಡೆಯ ಮರದ ತೊಗಟೆ ಕೆಳಗೆ ಸೇರಿಕೊಂಡು ದಿನಗಟ್ಟಲೆ ಹೊರಗೆ ಬರಲಿಲ್ಲ. ಚಳಿಗಾಲದಲ್ಲಿ ಇವು ಹಾಗೆ ಮಂಕಾಗುವುದುಂಟು, ತಿನ್ನೋದೂ ಕಡಿಮೆ. ಸ್ನೇಹಿತ ತೂಕ ನೋಡಿದ, ಮಲ ಪರೀಕ್ಷೆ ಮಾಡಿಸಿದ, ಜಂತು ಗಿಂತು ಏನೂ ಇರಲಿಲ್ಲ. ಆದರೂ ಅವನಿಗೆ ತಡೀಲಿಲ್ಲ. ದೀಪದ ಕೆಳಗೆ ಎತ್ತಿ ಇಡೋಣ ಅಂತ ಗಾಜಿನ ಬಾಗಿಲು ಸರಿಸಿದ. ಸೋಫಾ ಮೇಲೆ ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತದೇ ಹೇಳಿದರು: "ಬಿಡೋ ಅದನ್ನ. ಅದಕ್ಕ ಬೇಕಾದಾಗ ಬರ್ತದ."