ಲಯವೂ ಸ್ಮೃತಿಯೂ

ಮರೆಯಬಾರದೆನಿಸಿದುದನ್ನು ಮನುಷ್ಯನು ಬರೆಯುವುದಕ್ಕೆ ಮೊದಲು ಹಾಡಿದನು. ವೇದವಾಙ್ಮಯವು ಲಿಪಿಯ ಹಂಗಿಲ್ಲದೆ ಉಳಿದುಬಂದುದು ಸ್ವರದ ಬಲದಿಂದ. ಪದ, ಕ್ರಮ, ಜಟಾ, ಘನಗಳೆಂಬ ಪಾಠಗಳ ಬಲದಿಂದ. ಜಟೆಯಲ್ಲಿ ಎರಡು ಪದಗಳನ್ನು ನೇರವಾಗಿಯೂ, ತಿರುವುಮುರುವಾಗಿಯೂ, ಮರಳಿ ನೇರವಾಗಿಯೂ ಉಚ್ಚರಿಸುವುದರಿಂದ ಅಕ್ಷರವೊಂದು ಜಾರಿದರೆ ಕಿವಿಯೇ ಎಚ್ಚರಿಸುವುದು. ನಾಟಿಗದ್ದೆಯ ಪಾಡ್ದನವನ್ನೂ ಎಳೆಯರ ಮಗ್ಗಿಯನ್ನೂ ಕಾಯ್ದುದು ಇದೇ ಲಯ.

ಸುರತ್ಕಲ್ಲಿನ ಬಳಿಯ ಕಾಟಿಪಳ್ಳವು ಈ ವಿಚಾರಕ್ಕೆ ತಕ್ಕ ನಿದರ್ಶನ. 1974ರಲ್ಲಿ ದೇಶದ ಪ್ರಧಾನ ಬಂದರಗಳ ಪಂಕ್ತಿಗೆ ಸೇರಿದ ನವಮಂಗಳೂರು ಬಂದರಕ್ಕಾಗಿ ಪಣಂಬೂರಿನ ಕಡೆಯ ನೆಲವನ್ನು ಬಿಟ್ಟುಕೊಟ್ಟ ಸಂಸಾರಗಳಿಗೆ ಅಲ್ಲಿ ನೆಲೆ ದೊರೆಯಿತು. ಗದ್ದೆಯನ್ನು ಹೊತ್ತು ತರಲಾಗದು, ಕಂಠದಲ್ಲಿದ್ದುದನ್ನು ತರಬಹುದು. ಆದರೆ ನಾಟಿಯೇ ಇಲ್ಲದ ಮೇಲೆ ನಾಟಿಯ ಹಾಡನ್ನು ಯಾರಿಗಾಗಿ ಹಾಡುವುದು? ಸ್ಮೃತಿಗೆ ಲಯವೊಂದೇ ಸಾಲದು, ಬಾಳಿನ ಆಶ್ರಯವೂ ಬೇಕು.

ಇತ್ತ ವಿಜ್ಞಾನಿಗಳು ಲಯವನ್ನು ಯಂತ್ರಕ್ಕೆ ಒಪ್ಪಿಸುತ್ತಿದ್ದಾರೆ. 2013ರಲ್ಲಿ ಜರ್ಮನಿಯ ಸಂಶೋಧಕರು ನಿದ್ರಿಸುತ್ತಿದ್ದ 11 ಮಂದಿಗೆ, ಮೆದುಳಿನ ನಿಧಾನತರಂಗಗಳ ಏರಿಕೆಗೆ ಹೊಂದುವಂತೆ ಮೆಲ್ಲನೆಯ ಶಬ್ದವನ್ನು ಕೇಳಿಸಿದರು. ಹಿಂದಿನ ಸಂಜೆ ಕಲಿತ ಪದಯುಗ್ಮಗಳು ಬೆಳಿಗ್ಗೆ ಹೆಚ್ಚಾಗಿ ನೆನಪಿನಲ್ಲಿದ್ದುವು. ತರಂಗಕ್ಕೆ ಹೊಂದದ ಶಬ್ದದಿಂದ ಆ ಫಲ ದೊರೆಯಲಿಲ್ಲ. 2019ರಲ್ಲಿ ಅಮೇರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯವರು, ಸೆಕೆಂಡಿಗೆ 40 ಸಲ ಮಿಡಿಯುವ ಶಬ್ದದಿಂದ ಆಲ್ಝೈಮರ್ ರೋಗಲಕ್ಷಣವುಳ್ಳ ಇಲಿಗಳ ಸ್ಮೃತಿಯು ಸುಧಾರಿಸಿತೆಂದು ಪ್ರಕಟಿಸಿದರು. ಮನುಷ್ಯರ ರೋಗಕ್ಕೆ ಇದು ಮದ್ದೆಂಬುದು ಇನ್ನೂ ಸಿದ್ಧಪಟ್ಟಿಲ್ಲ.

ಶ್ರಮವಿಲ್ಲದೆ ಬಂದ ಸ್ಮೃತಿಯು ಧರ್ಮ್ಯವೇ ಎಂಬ ಪ್ರಶ್ನೆಯು ಇಲ್ಲಿ ಏಳುತ್ತದೆ. ಮಕ್ಕಳ ಹೆಸರನ್ನೇ ಮರೆತ ವೃದ್ಧೆಗೆ ಅಂತಹ ನಾದವು ಔಷಧವಾಗುವುದಾದರೆ ಅದನ್ನು ಬೇಡವೆನ್ನುವುದು ನಿರ್ದಯತೆ. ಮಂದದೃಷ್ಟಿಯವನು ಕನ್ನಡಕ ಧರಿಸುವುದನ್ನು ಯಾರೂ ಅಧರ್ಮವೆನ್ನರು. ವಿದ್ಯಾರ್ಥಿಯ ವಿಷಯ ಬೇರೆ. ಅರ್ಥವರಿಯದೆ ವೇದವನ್ನು ಕಲಿತವನನ್ನು ಯಾಸ್ಕನು ನಿರುಕ್ತದಲ್ಲಿ ಭಾರ ಹೊತ್ತ ಕಂಬಕ್ಕೆ ಹೋಲಿಸಿದ್ದಾನೆ. ಕಂಠಪಾಠವೂ ಆ ದೋಷಕ್ಕೆ ಹೊರತಲ್ಲ, ನಿಜ. ಆದರೆ ಅಲ್ಲಿ ಹೇಳಿಕೊಡುವ ಗುರುವುಂಟು, ತಿದ್ದುವ ಸಹಪಾಠಿಯುಂಟು. ಅರ್ಥವನ್ನು ಕೇಳಿ ತಿಳಿಯಲು ಎಡೆಯುಂಟು. ನಿದ್ರಿಸುವವನ ಕಿವಿಗೆ ಬಿದ್ದ ಶಬ್ದವು ಪ್ರಶ್ನೆಗೆ ಉತ್ತರ ಕೊಡದು.

ಯಂತ್ರವು ನೆನಪನ್ನು ಗಟ್ಟಿಗೊಳಿಸೀತು. ನೆನೆಯತಕ್ಕದ್ದು ಯಾವುದೆಂಬುದನ್ನು ಆರಿಸಿಕೊಡದು. ಆ ವಿವೇಕವು ಹಿರಿಯರಿಂದ ಕಿರಿಯರಿಗೆ ಬರಬೇಕು. ಕಾಟಿಪಳ್ಳದ ಯಾವ ಮನೆಯಲ್ಲಾದರೂ ಅಜ್ಜಿಗೆ ಹಳೆಯ ಹಾಡೊಂದು ನೆನಪಿದ್ದರೆ, ಅದನ್ನು ಯಂತ್ರದಲ್ಲಿ ಹಿಡಿದಿಡುವುದು ಒಳ್ಳೆಯದು. ಮೊಮ್ಮಕ್ಕಳು ಬಳಿಯಲ್ಲಿ ಕುಳಿತು, ಅರ್ಥ ಕೇಳಿ, ತಾವೂ ದನಿಗೂಡಿಸುವುದು ಅದಕ್ಕಿಂತಲೂ ಒಳ್ಳೆಯದು.