ಕೋವಿಯ ಅರ್ಜಿಗೆ ಪೊಲೀಸರ ಷರಾ

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಒಂದು ವೀರಗಲ್ಲಿದೆ. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ರಟ್ಟವಾಡಿಯ ದಂಡು ಏರಿ ಬಂದಾಗ ಕಿತ್ತಯ್ಯ ಎಂಬವನು ಕಾದಾಡಿ ಸತ್ತ ಎಂದು ಅದು ಹೇಳುತ್ತದೆ. ಕಿತ್ತಯ್ಯ ತನ್ನ ಆಯುಧಕ್ಕಾಗಿ ಯಾವ ಕಚೇರಿಯ ಬಾಗಿಲನ್ನೂ ಕಾದವನಲ್ಲ. ಇವತ್ತು ಅದೇ ಹೆಬ್ಬಾಳದವನಿಗೆ ಪಿಸ್ತೂಲು ಬೇಕೆಂದರೆ ಪೊಲೀಸ್ ಕಮಿಷನರಿಗೆ ಅರ್ಜಿ ಹಾಕಬೇಕು. ಯಲಹಂಕ ದಾಟಿ ದೊಡ್ಡಬಳ್ಳಾಪುರದಲ್ಲಿದ್ದರೆ ಜಿಲ್ಲಾಧಿಕಾರಿಗೆ. ಆಯುಧವನ್ನು ನಾವು ಪ್ರಭುತ್ವಕ್ಕೆ ಒಪ್ಪಿಸಿದ್ದೇವೆ, ಬದಲಿಗೆ ಅದು ನಮ್ಮನ್ನು ಕಾಯಬೇಕು. ಕಾಯದಿದ್ದರೆ ಒಪ್ಪಿಸಿದ್ದನ್ನು ವಾಪಸು ಕೇಳಬಹುದೇ?

ಕೇಳಬಹುದು ಎನ್ನುವವರ ವಾದ ಹಗುರವಾದದ್ದಲ್ಲ. ಕಳ್ಳ ಬಾಗಿಲು ಒಡೆಯುವ ಹೊತ್ತಿಗೆ ಪೊಲೀಸರು ಅಲ್ಲಿರುವುದಿಲ್ಲ. ಮಹಜರು ಬರೆಯಲು ಆಮೇಲೆ ಬರುತ್ತಾರೆ. ದುಷ್ಕರ್ಮಿ ಪರವಾನಗಿಗೆ ಅರ್ಜಿ ಹಾಕುವುದೂ ಇಲ್ಲ. ಕಾನೂನು ಕಟ್ಟಿಹಾಕುವುದು ಕಾನೂನು ಪಾಲಿಸುವವನನ್ನು ಮಾತ್ರ. ಈ ಮಾತಿಗೆ ನಮ್ಮ ಇತಿಹಾಸದಲ್ಲೂ ಬೇರಿದೆ. 1878ರ ಶಸ್ತ್ರ ಕಾಯ್ದೆ ಭಾರತೀಯರನ್ನು ನಿರಾಯುಧರನ್ನಾಗಿಸಿದ ಅವಮಾನ ಸ್ವಾತಂತ್ರ್ಯ ಹೋರಾಟಗಾರರನ್ನು ಎಷ್ಟು ಕಾಡಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯವು ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳ ಪಟ್ಟಿಗೇ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಅದನ್ನು ತಿದ್ದುಪಡಿಯಾಗಿ ಮತ್ತೆ ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ಪರಕೀಯರ ಆಳ್ವಿಕೆಯಲ್ಲಿ ಆ ಬೇಡಿಕೆಗೆ ಅರ್ಥವಿತ್ತು, ಈಗ ಕಾಲ ಬದಲಾಗಿದೆ. ಪ್ರಜೆಗೆ ಹೇಳಬೇಕಾದದ್ದು ಆಯುಧ ಹಿಡಿಯುವ ಕರ್ತವ್ಯವನ್ನೇ ಹೊರತು ಹಕ್ಕನ್ನಲ್ಲ ಎಂಬುದು ಅವರ ನಿಲುವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅಮೆರಿಕದಂತೆ ನಮ್ಮಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಎಂದೇ ಹೇಳಿತು.

ನಾನು ಅಂಬೇಡ್ಕರ್ ಪಕ್ಷ. ಆದರೆ ಆ ನಿಲುವು ಪೊಲೀಸ್ ಠಾಣೆಯವರೆಗೆ ಇಳಿದು ಬರುವಾಗ ಎಂಥ ರೂಪ ತಾಳುತ್ತದೆ ಎಂಬುದು ಬೇರೆ ಮಾತು.

ಆತ್ಮರಕ್ಷಣೆಯ ಹಕ್ಕು ನಮಗಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದಕ್ಕೇ ಮೀಸಲು. ಆದರೆ ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದಲ್ಲಿ ಆ ಹಕ್ಕಿಲ್ಲ. ಹಕ್ಕು ನಮ್ಮದು, ಸಾಧನ ಮಾತ್ರ ಅನುಮತಿಯದು. 1959ರ ಶಸ್ತ್ರ ಕಾಯ್ದೆಯ ಪ್ರಕಾರ ಅರ್ಜಿ ಬಂದೊಡನೆ ಹತ್ತಿರದ ಠಾಣಾಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು. ಈತನ ಜೀವಕ್ಕೆ ಅಪಾಯವಿದೆಯೇ ಎಂಬ ಪ್ರಶ್ನೆಗೆ ಷರಾ ಬರೆಯುವವರು ಆ ಅಪಾಯವನ್ನು ತಡೆಯಬೇಕಾದವರೇ. ‘ಅಪಾಯವಿದೆ’ ಎಂದು ಬರೆದರೆ ತಮ್ಮ ಸೋಲನ್ನು ತಾವೇ ದಾಖಲಿಸಿದಂತೆ. ‘ಇಲ್ಲ’ ಎಂದರೆ ಅರ್ಜಿದಾರ ಬರಿಗೈಯಲ್ಲಿ ಮನೆಗೆ. ತನ್ನ ವೈಫಲ್ಯಕ್ಕೆ ತಾನೇ ಸಾಕ್ಷಿಯಾಗು ಎಂದು ಯಾವ ಇಲಾಖೆಯನ್ನು ಕೇಳಿದರೂ ಪ್ರಾಮಾಣಿಕ ಉತ್ತರ ಸಿಗುವುದು ಕಷ್ಟ. ಇದನ್ನು ಪೊಲೀಸರ ಮೇಲಿನ ಆರೋಪವಾಗಿ ಹೇಳುತ್ತಿಲ್ಲ, ವ್ಯವಸ್ಥೆಯ ರಚನೆಯೇ ಹಾಗಿದೆ.

ಕೊಡಗಿನ ಲೆಕ್ಕ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರು ಕೊಟ್ಟದ್ದು, 1963ರಲ್ಲಿ ಹೊಸ ಕಾಯ್ದೆಯಡಿ ಮುಂದುವರಿದದ್ದು. 2019ರ ಅಕ್ಟೋಬರಿನಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಹುಟ್ಟಿನ ಆಧಾರದ ಮೇಲೆ ಸಿಗುವ ಹಕ್ಕಿನ ಬಗ್ಗೆ ನನ್ನ ಹಿಂಜರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಕೊಡಗಿನಿಂದ ಕಲಿಯುವುದಿದೆ. ಅಲ್ಲಿ ಕೋವಿ ಬಚ್ಚಿಡುವ ವಸ್ತುವಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಅದಕ್ಕೆ ಹೂವಿಟ್ಟು ಪೂಜೆ, ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು, ಸಾವಿನ ಮನೆಯಲ್ಲಿ ಊರಿಗೆ ಸುದ್ದಿ ತಿಳಿಸುವುದೂ ಗುಂಡೇ. ಯಾರ ಮನೆಯಲ್ಲಿ ಕೋವಿ ಇದೆ, ಯಾರ ಕೈಗೆ ಅದನ್ನು ಕೊಡಬಾರದು ಎಂಬುದು ಇಡೀ ಊರಿಗೆ ಗೊತ್ತು. ಬೆಂಗಳೂರಿನ ಆರ್.ಟಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿರುವುದಿಲ್ಲ. ಸೀಟಿನಡಿ ಪಿಸ್ತೂಲು ಇಟ್ಟುಕೊಂಡು ಯಶವಂತಪುರದ ಸಿಗ್ನಲ್ಲಿನಲ್ಲಿ ಹಾರ್ನ್ ಹೊಡೆಯುವವನನ್ನು ಕಾಯುವ ಊರಿನ ಕಣ್ಣು ಎಲ್ಲಿದೆ?

ಆಯುಧವಿದ್ದ ಮಾತ್ರಕ್ಕೆ ರಕ್ಷಣೆ ಸಿಗುತ್ತದೆ ಎಂಬ ನಂಬಿಕೆಗೂ 2025ರ ನವೆಂಬರಿನಲ್ಲಿ ಪೆಟ್ಟು ಬಿತ್ತು. ಎಟಿಎಂಗಳಿಗೆ ಹಣ ಒಯ್ಯುತ್ತಿದ್ದ ವಾಹನವನ್ನು ಅಶೋಕ ಪಿಲ್ಲರ್ ಬಳಿ ಹಾಡಹಗಲೇ ತಡೆದು 7.11 ಕೋಟಿ ರೂಪಾಯಿ ದೋಚಿದರು. ವಾಹನದಲ್ಲಿ ಗನ್‌ಮ್ಯಾನ್‌ಗಳಿದ್ದರು. ಬಂದವರು ರಿಸರ್ವ್ ಬ್ಯಾಂಕಿನ ಅಧಿಕಾರಿಗಳೆಂದು ಹೇಳಿಕೊಂಡರು, ಗನ್‌ಮ್ಯಾನ್‌ಗಳನ್ನು ಬದಿಗೆ ಸರಿಸಲು ಅಷ್ಟೇ ಸಾಕಾಯಿತು. ಆಮೇಲೆ ಬಂಧಿತರಾದವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಕೂಡ ಇದ್ದ! ಬಂದೂಕು ಅಲ್ಲಿ ಸೋತದ್ದು ಇನ್ನೊಂದು ಬಂದೂಕಿಗಲ್ಲ, ಅಧಿಕಾರದ ವೇಷಕ್ಕೆ.

ಹಾಗಾದರೆ ಶಸ್ತ್ರ ಕಾನೂನನ್ನು ಜಾರಿ ಮಾಡಬೇಕೋ ಬೇಡವೋ ಎಂಬುದನ್ನು ಪೊಲೀಸರಿಗೇ ಬಿಟ್ಟರೆ? ಅಮೆರಿಕದಲ್ಲಿ ಕೆಲವು ಷೆರೀಫ್‌ಗಳು ಬಂದೂಕು ನಿಯಂತ್ರಣದ ಕಾನೂನನ್ನು ತಾವು ಜಾರಿ ಮಾಡುವುದಿಲ್ಲ ಎಂದು ಬಹಿರಂಗವಾಗಿ ಸಾರುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಅವರು ಮತ ಪಡೆದು ಬಂದವರು, ಮುಂದಿನ ಚುನಾವಣೆಯಲ್ಲಿ ಲೆಕ್ಕ ಕೊಡಬೇಕಾದವರು. ವರ್ಗಾವಣೆಯಲ್ಲಿ ಬಂದು ವರ್ಗಾವಣೆಯಲ್ಲಿ ಹೋಗುವ ನಮ್ಮ ಇನ್‌ಸ್ಪೆಕ್ಟರಿಗೆ ಯಾವ ಕಾನೂನು ಪಾಲಿಸಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟರೆ ಅದರ ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಂದಹಾಗೆ, ಪೊಲೀಸ್ ರಕ್ಷಣೆ ಪ್ರಜೆಯ ಸಂವಿಧಾನಬದ್ಧ ಹಕ್ಕಲ್ಲ ಎಂದು 2005ರಲ್ಲಿ ತೀರ್ಪಿತ್ತದ್ದು ಅದೇ ಅಮೆರಿಕದ ಸುಪ್ರೀಂ ಕೋರ್ಟ್. ಬಂದೂಕಿನ ಹಕ್ಕಿರುವ ನಾಡಿನಲ್ಲಿ ಕಾವಲಿನ ಹಕ್ಕಿಲ್ಲ. ನನಗೆ ಆರಿಸಿಕೊಳ್ಳಲು ಬಿಟ್ಟರೆ ಎರಡನೆಯದನ್ನೇ ಕೇಳುತ್ತೇನೆ.

ಆದ್ದರಿಂದ ಬಂದೂಕನ್ನು ಹಕ್ಕು ಮಾಡಿ ಎಂದು ನಾನು ಹೇಳಲಾರೆ. ಆದರೆ ಅನುಮತಿ ಯಾರದೋ ಕೃಪೆಯಂತೆ ಸಿಗಬಾರದು. ಆಸ್ತಿ ಸಾಲದೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದು ಎಂದು ಶಸ್ತ್ರ ಕಾಯ್ದೆಯ 14ನೇ ಕಲಮು ಹೇಳುತ್ತದೆ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ ಕೇಳಿದವನಿಗೆ ಕೊಡಬೇಕು ಎಂದೂ ಹೇಳುತ್ತದೆ. ಮೇಲ್ಮನವಿಗೆ 18ನೇ ಕಲಮಿದೆ. ಬೆದರಿಕೆಗೆ ಒಳಗಾದ ಸಣ್ಣ ಅಂಗಡಿಯವನಿಗೆ ಇಲ್ಲವೆಂದದ್ದು ಸೈಟು ವ್ಯವಹಾರದ ಧಣಿಗೆ ಅಂತಸ್ತಿನ ಗುರುತಾಗಿ ಸಿಕ್ಕರೆ, 14ನೇ ಕಲಮು ಇದ್ದೂ ಇಲ್ಲದಂತೆ.

ಬೆಂಗಳೂರು ಪೊಲೀಸರು ಮಾಸಿಕ ಜನಸಂಪರ್ಕ ದಿವಸ ನಡೆಸುತ್ತಾರೆ. ಟ್ರಾಫಿಕ್, ಪಾರ್ಕಿಂಗ್‌ಗಳ ದೂರು ಹೊತ್ತು ಹೋಗುವ ಯಲಹಂಕ, ಹೆಬ್ಬಾಳದವರು ಈ ಸಲ ಇನ್ನೊಂದನ್ನೂ ಕೇಳಿ: ನಮ್ಮ ಠಾಣೆಯ ವ್ಯಾಪ್ತಿಯಲ್ಲಿ ಕಳೆದ ವರ್ಷ ಎಷ್ಟು ಪರವಾನಗಿ ಕೊಟ್ಟಿರಿ, ಎಷ್ಟು ನಿರಾಕರಿಸಿದಿರಿ, ಯಾವ ಕಾರಣಕ್ಕೆ? ಹೆಸರು ಬೇಡ, ಲೆಕ್ಕ ಸಾಕು. ಆ ಲೆಕ್ಕವನ್ನು ಪ್ರತಿ ವರ್ಷ ಠಾಣೆಯ ಫಲಕದಲ್ಲಿ ಹಾಕುವಂತೆ ಕಮಿಷನರನ್ನು ಒತ್ತಾಯಿಸಿ.